ಮನೇಲಿ ಉಪ್ಪುನೀರಿನ ದೊಡ್ಡ ಅಕ್ವೇರಿಯಂ: ಮೀನಿಗಿಂತ ಮುಂಚೆ ನೀರು ಸಾಕೋದು ಹೇಗೆ

ಉಪ್ಪುನೀರಿನ ಅಕ್ವೇರಿಯಂ ಇಡ್ಬೇಕು ಅನ್ನೋರೆಲ್ಲಾ ಮೊದಲು ಕೇಳೋದು ಯಾವ ಮೀನು ಹಾಕ್ಬೋದು ಅಂತ. ನಾನು ತಿರುಗಿ ಕೇಳೋದು ಮೂರೇ ಪ್ರಶ್ನೆ. ಮನೆ ಎಷ್ಟನೇ ಫ್ಲೋರಲ್ಲಿದೆ, ನಲ್ಲೀಲಿ ಬರೋದು ಕಾವೇರಿನೋ ಬೋರ್ ನೀರೋ, ಕರೆಂಟ್ ಹೋದ್ರೆ ಎಷ್ಟು ಹೊತ್ತು ಹೋಗತ್ತೆ. ಈ ಮೂರಕ್ಕೆ ಸರಿಯಾದ ಉತ್ತರ ಇದ್ರೆ ಮೀನು ಬದುಕ್ತಾವೆ, ಇಲ್ದಿದ್ರೆ ಎಷ್ಟು ದುಡ್ಡು ಸುರಿದ್ರೂ ಒಂದೊಂದಾಗಿ ಸಾಯ್ತಾವೆ, ಆಮೇಲೆ ಗಾಜಿನ ಪೆಟ್ಟಿಗೆ ಟೆರೇಸ್ ಸೇರತ್ತೆ.

ಯಾಕೆ ಹೀಗೆ ಅಂದ್ರೆ, ಹವಳದ ದಿಬ್ಬದ ಹತ್ರ ಹುಟ್ಟಿ ಬೆಳೆಯೋ ಜೀವಿಗಳಿಗೆ ನೀರು ಬದಲಾಗೋದು ಅಂದ್ರೇನು ಅಂತಲೇ ಗೊತ್ತಿರಲ್ಲ. ಅಲ್ಲಿ ಉಪ್ಪಿನಂಶ, ಪಿಎಚ್, ಬಿಸಿ ಎಲ್ಲಾ ತಿಂಗಳುಗಟ್ಟಲೆ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ನಮ್ಮ ಕೆರೆ ಮೀನು ಹಾಗಲ್ಲ, ಮಳೆ ಬಂದ್ರೆ ಒಂದು ಥರ ನೀರು, ಬೇಸಿಗೇಲಿ ಇನ್ನೊಂದು ಥರ, ಎಲ್ಲದಕ್ಕೂ ಒಗ್ಗಿಕೊಂಡಿರತ್ತೆ. ಇನ್ನೊಂದು ವಿಷಯ ಏನಂದ್ರೆ ಸಮುದ್ರದ ಮೀನಿನ ಮೈಯೊಳಗಿನ ಉಪ್ಪು ಹೊರಗಿನ ನೀರಿಗಿಂತ ತುಂಬಾ ಕಮ್ಮಿ, ಹಾಗಾಗಿ ಅದರ ಮೈಯಿಂದ ನೀರು ಸದಾ ಹೊರಗೆ ಹೋಗ್ತಾನೇ ಇರತ್ತೆ, ಅದನ್ನ ತುಂಬಿಕೊಳ್ಳೋಕೆ ಅದು ಉಪ್ಪುನೀರನ್ನೇ ಕುಡಿದು ಹೆಚ್ಚಿನ ಉಪ್ಪನ್ನ ಕಿವಿರಿನ ಮೂಲಕ ಹೊರಗೆ ಹಾಕತ್ತೆ. ಹಗಲೂ ರಾತ್ರಿ ನಡೆಯೋ ಕೆಲಸ ಇದು. ನಾವು ಟ್ಯಾಂಕಲ್ಲಿ ಉಪ್ಪಿನಂಶ ಇವತ್ತು ಏರಿಸಿ ನಾಳೆ ಇಳಿಸಿದ್ರೆ ಮೊದಲು ಏಟು ಬೀಳೋದು ಅಲ್ಲಿಗೇ.

ಇದೇ ಕಾರಣಕ್ಕೆ ದೊಡ್ಡ ಟ್ಯಾಂಕ್ ಸುಲಭ ಅನ್ನೋದು. 50 ಲೀಟರ್ ಟ್ಯಾಂಕಲ್ಲಿ ಒಂದು ಮೀನು ಬಂಡೆ ಹಿಂದೆ ಸತ್ತು ಬಿದ್ರೆ ಬೆಳಗಾಗೋದ್ರೊಳಗೆ ಎಲ್ಲಾ ಮುಗಿದಿರತ್ತೆ, 400 ಲೀಟರಲ್ಲಾದ್ರೆ ನಿಮಗೆ ಗೊತ್ತಾಗಿ ಸರಿ ಮಾಡೋಕೆ ಒಂದೆರಡು ದಿನ ಟೈಮ್ ಸಿಗತ್ತೆ. ಹಾಗಾಗಿ ಇಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕನ್ನೇ ಉದಾಹರಣೆ ಇಟ್ಕೊಂಡು ಹೇಳ್ತೀನಿ, ಬೆಂಗಳೂರಿನ ಒಂದು ಮಾಮೂಲಿ ಅಪಾರ್ಟ್‌ಮೆಂಟಲ್ಲಿ ಅಂತ ಇಟ್ಕೊಳ್ಳಿ.

ಮೊದಲು ತೂಕದ ಲೆಕ್ಕ. ಈ ಅಳತೆಗೆ ಹಿಡಿಯೋ ನೀರು ಸುಮಾರು 430 ಲೀಟರ್, ಉಪ್ಪುನೀರಾದ್ರಿಂದ ತೂಕ ಸ್ವಲ್ಪ ಜಾಸ್ತಿ, 440 ಕೆಜಿ. 12 ಎಂಎಂ ಗಾಜಿಂದ ಕಟ್ಟಿದ್ರೆ ಖಾಲಿ ಟ್ಯಾಂಕೇ 85 ಕೆಜಿ ಮುಟ್ಟತ್ತೆ. ಮೇಲೆ ಬಂಡೆ, ಮರಳು, ಸ್ಟ್ಯಾಂಡು, ಸಂಪ್ ಅಂತ ಸ್ಟ್ಯಾಂಡ್ ಕೆಳಗೆ ಇಡೋ ಸಣ್ಣ ಫಿಲ್ಟರ್ ಟ್ಯಾಂಕಿನ ನೀರು ಎಲ್ಲಾ ಸೇರಿಸಿದ್ರೆ 700 ಕೆಜಿ ಹತ್ರ ಹೋಗತ್ತೆ, ಅದೂ ಒಂದು ಚದರ ಮೀಟರಿಗಿಂತ ಕಮ್ಮಿ ಜಾಗದ ಮೇಲೆ. ವಾಸದ ಮನೆಯ ಸ್ಲ್ಯಾಬಿಗೆ ನಮ್ಮ ದೇಶದ ಕಟ್ಟಡ ಕೋಡ್ ಪ್ರಕಾರ ಲೆಕ್ಕ ಹಿಡಿಯೋದು ಚದರ ಮೀಟರಿಗೆ ಸುಮಾರು 200 ಕೆಜಿ. ಹಾಗಂತ ಇಟ್ಟ ತಕ್ಷಣ ಸ್ಲ್ಯಾಬ್ ಕುಸಿಯತ್ತೆ ಅಂತಲ್ಲ, ಆ 200 ಕೆಜಿ ಇಡೀ ರೂಮಿಗೆ ಹರಡಿದ ಲೆಕ್ಕ, ಆದ್ರೆ ಇಷ್ಟು ಭಾರವನ್ನ ಹಾಲಿನ ಮಧ್ಯ ಇಡೋದು ಬೇರೆ, ಕೆಳಗೆ ಬೀಮ್ ಇರೋ ಗೋಡೆಗೆ ಒತ್ತಿ ಇಡೋದು ಬೇರೆ. ಗ್ರೌಂಡ್ ಫ್ಲೋರ್ ಆದ್ರೆ ಯೋಚನೆ ಕಮ್ಮಿ. ಮೇಲಿನ ಮನೆ ಆದ್ರೆ ಬಿಲ್ಡಿಂಗ್ ಪ್ಲ್ಯಾನ್ ಇಟ್ಕೊಂಡು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಆ ಫೀಸು ಇಡೀ ಖರ್ಚಲ್ಲಿ ತುಂಬಾ ಸಣ್ಣದು. ಸ್ಟ್ಯಾಂಡ್ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಒಂದು ಮೂಲೆ ತಗ್ಗಿದ್ರೆ ಆ ಕಡೆ ಸಿಲಿಕಾನ್ ಜಾಯಿಂಟ್ ಮೇಲೆ ವರ್ಷಗಟ್ಟಲೆ ಒತ್ತಡ ಬೀಳತ್ತೆ.

ಈಗ ನೀರು. ಬೆಂಗಳೂರಿನ ಬೋರ್ ನೀರಲ್ಲಿ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣ ಖನಿಜದ ಅಳತೆ, 500, 800, ಕೆಲವು ಕಡೆ 1000 ದಾಟಿರೋದೂ ಮಾಮೂಲು, ಕಾವೇರಿ ನೀರು ಅದಕ್ಕಿಂತ ಎಷ್ಟೋ ವಾಸಿ, ಆದ್ರೆ ಅದರಲ್ಲಿ ಕ್ಲೋರಿನ್ ಇರತ್ತೆ. ಎರಡೂ ನೇರವಾಗಿ ಬಳಸೋಕೆ ಬರಲ್ಲ. ನೀರಲ್ಲಿರೋ ಫಾಸ್ಫೇಟು, ನೈಟ್ರೇಟು, ಸಿಲಿಕೇಟು ಪಾಚಿಗೆ ಗೊಬ್ಬರ. ತಾಮ್ರ ಇದ್ರಂತೂ ಸೀಗಡಿ, ಬಸವನಹುಳು, ಹವಳ ಯಾವುದೂ ಉಳಿಯಲ್ಲ. ಅಡುಗೆ ಮನೆ ಆರ್‌ಓ ಸಾಕಲ್ವಾ ಅಂತ ತುಂಬಾ ಜನ ಕೇಳ್ತಾರೆ, ಸಾಲಲ್ಲ, ಕುಡಿಯೋ ನೀರಿಗೆ ರುಚಿ ಬರ್ಲಿ ಅಂತ ಅದರಲ್ಲಿ ಸ್ವಲ್ಪ ಖನಿಜ ಉಳಿಸಿರ್ತಾರೆ ಇಲ್ಲಾ ವಾಪಸ್ ಸೇರಿಸಿರ್ತಾರೆ. ಅಕ್ವೇರಿಯಂಗೆ ಬೇಕಾಗೋದು ಆರ್‌ಓ ಮೆಂಬ್ರೇನ್ ಆದ್ಮೇಲೆ ಡಿಐ ರೆಸಿನ್ ತುಂಬಿದ ಇನ್ನೊಂದು ಕ್ಯಾನಿಸ್ಟರ್. ಮೆಂಬ್ರೇನ್ 95 ಪರ್ಸೆಂಟ್ ಮೇಲೆ ತೆಗೆಯತ್ತೆ, ಉಳಿದಿದ್ದನ್ನ ರೆಸಿನ್ ಹಿಡ್ಕೊಳ್ಳತ್ತೆ, ಕೊನೇಲಿ ಟಿಡಿಎಸ್ ಮೀಟರಲ್ಲಿ ಸೊನ್ನೆ ತೋರಿಸ್ಬೇಕು. ಬೋರ್ ನೀರಿನವರಿಗೆ ರೆಸಿನ್ ಬೇಗ ಖಾಲಿಯಾಗತ್ತೆ, ಅದಕ್ಕೇ ಆ ಪ್ರಶ್ನೆ ಮೊದಲೇ ಕೇಳಿದ್ದು. ರಿಜೆಕ್ಟ್ ನೀರನ್ನ ದಯವಿಟ್ಟು ಚರಂಡಿಗೆ ಬಿಡ್ಬೇಡಿ, ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಚೆನ್ನಾಗೇ ಆಗತ್ತೆ.

ಈ ಖಾಲಿ ನೀರಿಗೆ ಸಮುದ್ರದ ಉಪ್ಪು ಬೆರೆಸ್ಬೇಕು. ಅಡುಗೆ ಉಪ್ಪಾಗಲಿ ಕಲ್ಲುಪ್ಪಾಗಲಿ ನಡೆಯಲ್ಲ, ಅದು ಬಹುಪಾಲು ಸೋಡಿಯಂ ಕ್ಲೋರೈಡ್ ಅಷ್ಟೇ, ಸಮುದ್ರದ ನೀರಲ್ಲಿ ಅದರ ಜೊತೆಗೆ ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲಾ ಒಂದು ನಿರ್ದಿಷ್ಟ ಅನುಪಾತದಲ್ಲಿ ಇರತ್ತೆ. ಹವಳ ತನ್ನ ಅಸ್ಥಿ ಕಟ್ಟೋದೇ ಕ್ಯಾಲ್ಸಿಯಂ ಮತ್ತೆ ಕಾರ್ಬೊನೇಟಿಂದ. ಅದಕ್ಕೆ ಅಕ್ವೇರಿಯಂಗೆ ಅಂತಲೇ ಬರೋ ಮರೈನ್ ಸಾಲ್ಟ್ ತಗೋಬೇಕು. ಲೀಟರಿಗೆ 35ರಿಂದ 38 ಗ್ರಾಂ, ಅಂದ್ರೆ ಮೊದಲ ಸಲ ತುಂಬೋಕೇ 14, 15 ಕೆಜಿ ಉಪ್ಪು. ನೀರಿಗೆ ಉಪ್ಪು ಹಾಕ್ಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರ್ದು, ಹಾಗೆ ಮಾಡಿದ್ರೆ ಕ್ಯಾಲ್ಸಿಯಂ ಒಡೆದು ಬೆಳ್ಳಗೆ ತಳಕ್ಕೆ ಕೂರತ್ತೆ. ಒಂದು ಡ್ರಮ್ಮಲ್ಲಿ ಪಂಪ್ ಬಿಟ್ಟು ಪೂರ್ತಿ ಕರಗಿ ತಿಳಿಯಾಗೋವರೆಗೂ ತಿರುಗಿಸಿ, ಆಮೇಲೆ ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೋಮೀಟರಲ್ಲಿ ನೋಡಿ, 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು) ಅಥವಾ ಸಾಪೇಕ್ಷ ಸಾಂದ್ರತೆ 1.025, 1.026 ಇರ್ಬೇಕು. ಆ ಮೀಟರನ್ನ ಸೆಟ್ ಮಾಡೋವಾಗ ಬರೀ ಆರ್‌ಓ ನೀರಿಟ್ಟು ಸೊನ್ನೆಗೆ ತಂದ್ರೆ ಸಾಲಲ್ಲ, 35 ಪಿಪಿಟಿ ಅಂತಲೇ ಬರೋ ಸಣ್ಣ ಬಾಟಲಿ ದ್ರಾವಣ ಸಿಗತ್ತೆ, ಅದರಲ್ಲೇ ಸರಿ ಮಾಡ್ಕೊಳ್ಳಿ.

ಮಂಗಳೂರು, ಉಡುಪಿ, ಕಾರವಾರ ಕಡೆಯವರು ಇಲ್ಲಿ ಒಂದು ಪ್ರಶ್ನೆ ಕೇಳೇ ಕೇಳ್ತಾರೆ, ಮನೆ ಮುಂದೇನೇ ಸಮುದ್ರ ಇರೋವಾಗ ಉಪ್ಪು ಯಾಕೆ ಕೊಳ್ಳೋದು ಅಂತ. ನ್ಯಾಯವಾದ ಪ್ರಶ್ನೆ. ಆದ್ರೆ ದಡದ ನೀರು ಬೇರೆ, ಆಳ ಸಮುದ್ರದ ನೀರು ಬೇರೆ. ನೇತ್ರಾವತಿ, ಗುರುಪುರ, ಕಾಳಿ ಥರದ ಹೊಳೆ ಸೇರೋ ಅಳಿವೆ ಹತ್ರ ಉಪ್ಪಿನಂಶ ಕಮ್ಮಿ ಇರತ್ತೆ, ಜೂನಿಂದ ಸೆಪ್ಟೆಂಬರ್ ತನಕ ಮಳೆ ನೀರು, ಕೆಸರು ಎಲ್ಲಾ ಬಂದು ಸೇರತ್ತೆ, ಬಂದರು ಇರೋ ಕಡೆ ಡೀಸೆಲ್ ಎಣ್ಣೆ ಬೇರೆ. ದೋಣೀಲಿ ದೂರ ಹೋಗಿ ಬೇಸಿಗೇಲಿ ತಂದು, ಫಿಲ್ಟರ್ ಮಾಡಿ, ಟೆಸ್ಟ್ ಮಾಡಿ ಬಳಸೋರು ಇದ್ದಾರೆ, ಅದು ಸರಿಯಾದ ದಾರಿನೇ, ಆದ್ರೆ ಪ್ರತಿ ವಾರ ಮಾಡೋ ಕೆಲಸ ಅಲ್ಲ. ಬೀಚಿನ ಮರಳನ್ನಂತೂ ತರ್ಲೇಬೇಡಿ, ಕಡಲ ತೀರದಿಂದ ಮರಳು ತೆಗೆಯೋದಕ್ಕೆ ನಿರ್ಬಂಧ ಇದೆ, ಟ್ಯಾಂಕಿಗೆ ಬೇಕಾಗೋದೂ ಅದಲ್ಲ, ಬೇಕಾಗಿರೋದು ಅರಾಗೊನೈಟ್ ಮರಳು, ಅದು ಸುಣ್ಣದಂಶ ಇರೋ ಮರಳು.

ಮುಂದೆ ಸಂಪ್. ಮೇಲಿನ ಟ್ಯಾಂಕಿನ ಅಂಚಿಂದ ನೀರು ತುಂಬಿ ಹರಿದು ಪೈಪಲ್ಲಿ ಕೆಳಗಿನ ಇನ್ನೊಂದು ಸಣ್ಣ ಟ್ಯಾಂಕಿಗೆ ಬೀಳತ್ತೆ, ಅಲ್ಲಿ ಫಿಲ್ಟರು, ಸ್ಕಿಮ್ಮರು, ಹೀಟರು ಎಲ್ಲಾ ಇರತ್ತೆ, ಕೊನೇ ಖಾನೆಯಿಂದ ರಿಟರ್ನ್ ಪಂಪು ನೀರನ್ನ ವಾಪಸ್ ಮೇಲಕ್ಕೆ ಕಳಿಸತ್ತೆ. ಸರಳವಾಗಿದೆ ಅಲ್ವಾ, ಆದ್ರೆ ಮನೆ ತುಂಬಾ ನೀರಾಗೋದು ಇಲ್ಲಿಂದಾನೇ. ಕರೆಂಟ್ ಹೋದಾಗ ಪಂಪ್ ನಿಲ್ಲತ್ತೆ, ಆಗ ರಿಟರ್ನ್ ಪೈಪಿನ ಬಾಯಿ ನೀರೊಳಗೆ ಮುಳುಗಿದ್ರೆ ನೀರು ಅದೇ ಪೈಪಲ್ಲಿ ಉಲ್ಟಾ ಸೈಫನ್ ಆಗಿ ಕೆಳಗೆ ಇಳಿಯೋಕೆ ಶುರು ಆಗತ್ತೆ, ಬಾಯಿ ಗಾಳಿಗೆ ತೆರೆಯೋ ತನಕ ನಿಲ್ಲಲ್ಲ. ನಮ್ಮ 4 ಅಡಿ 2 ಅಡಿ ಟ್ಯಾಂಕಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದ್ರೆ 7 ಲೀಟರ್‌ಗಿಂತ ಜಾಸ್ತಿ. ಪೈಪಿನ ಬಾಯಿ 5 ಸೆಂಟಿಮೀಟರ್ ಕೆಳಗಿದೆ ಅಂತಿಟ್ಕೊಳ್ಳಿ, 36 ಲೀಟರ್ ನೀರು ಕೆಳಗೆ ಬರತ್ತೆ. ಸಂಪಲ್ಲಿ ಅಷ್ಟು ಖಾಲಿ ಜಾಗ ಇಲ್ಲಾಂದ್ರೆ ಅದು ನಿಮ್ಮ ಫ್ಲೋರಿಗೆ, ಅಲ್ಲಿಂದ ಕೆಳಗಿನ ಮನೆಯವರ ಸೀಲಿಂಗಿಗೆ. ನಾನ್ ರಿಟರ್ನ್ ವಾಲ್ವ್ ಹಾಕಿದೀವಿ ಅಂತ ನೆಚ್ಚಿಕೊಂಡು ಕೂರ್ಬೇಡಿ, ಸುಣ್ಣ ಕಟ್ಟಿಕೊಂಡೋ ಒಂದು ಪುಟ್ಟ ಬಸವನಹುಳು ಸಿಕ್ಕಿಹಾಕಿಕೊಂಡೋ ಅದು ಒಂದು ದಿನ ಮುಚ್ಚಲ್ಲ. ಬಾಯಿಯನ್ನ ನೀರಿನ ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ ಇಡಿ, ಎಲ್ಲಾ ಜೋಡಿಸಿದ ಮೇಲೆ ನೀವೇ ಕೈಯಾರೆ ಸ್ವಿಚ್ ಆಫ್ ಮಾಡಿ ನೀರು ಎಲ್ಲಿ ತನಕ ಏರತ್ತೆ ನೋಡಿ ಸಂಪಿನ ಗಾಜಿನ ಮೇಲೆ ಮಾರ್ಕರಲ್ಲಿ ಗೆರೆ ಎಳೀರಿ. ಒಂದು ಸಲ ಅಲ್ಲ, ಹತ್ತು ಸಲ ಆಫ್ ಆನ್ ಮಾಡಿ ನೋಡಿ.

ಸಂಪಲ್ಲಿರೋ ಸಾಮಾನಲ್ಲಿ ನನಗೆ ತುಂಬಾ ಇಷ್ಟ ಪ್ರೋಟೀನ್ ಸ್ಕಿಮ್ಮರ್. ಮೀನಿನ ಹೇಲು, ಉಳಿದ ಆಹಾರ, ಲೋಳೆ ಇವೆಲ್ಲಾ ನೀರಲ್ಲಿ ಕರಗಿ ಸಾವಯವ ಅಂಶ ಆಗತ್ತೆ, ಅದರ ಅಣುಗಳಿಗೆ ಒಂದು ತುದಿ ನೀರು ಇಷ್ಟಪಡತ್ತೆ, ಇನ್ನೊಂದು ತುದಿ ನೀರಿಂದ ದೂರ ಹೋಗೋಕೆ ನೋಡತ್ತೆ. ಗಾಳಿ ಗುಳ್ಳೆ ಸಿಕ್ಕಿದ್ರೆ ಆ ತುದಿ ಹೋಗಿ ಗುಳ್ಳೆಗೆ ಅಂಟಿಕೊಳ್ಳತ್ತೆ. ಸ್ಕಿಮ್ಮರ್ ಮಾಡೋದು ಇಷ್ಟೇ, ಲಕ್ಷಾಂತರ ಸಣ್ಣ ಗುಳ್ಳೆ ಮಾಡಿ ನೀರಲ್ಲಿ ಬಿಡತ್ತೆ, ಬೆಲ್ಲದ ಪಾಕ ಕಾಯಿಸುವಾಗ ಕಸ ನೊರೆ ಆಗಿ ಮೇಲೆ ಬರತ್ತಲ್ಲ ಹಾಗೆ ನೊರೆ ಏರಿ ಮೇಲಿನ ಕಪ್ಪಿಗೆ ಬೀಳತ್ತೆ. ಆ ಕಪ್ ತೆಗೆದು ನೋಡಿದ್ರೆ ಟೀ ಡಿಕಾಕ್ಷನ್ ಬಣ್ಣದ ಗಲೀಜು ನೀರು, ಗೋಡೆಗೆ ಹಸಿರು ಕಂದು ಜಿಡ್ಡು, ವಾಸನೆ ಅಂತೂ ಕೇಳ್ಬೇಡಿ. ಅದೆಲ್ಲಾ ಕೊಳೆತು ಅಮೋನಿಯಾ ಆಗೋ ಮುಂಚೆನೇ ಹೊರಗೆ ಬಂತು ಅನ್ನೋದೇ ಇದರ ದೊಡ್ಡ ಉಪಕಾರ. ಸಿಹಿನೀರಲ್ಲಿ ಇದು ಯಾಕೆ ನಡೆಯಲ್ಲ ಅಂದ್ರೆ ಅಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ಬೇಗ ದೊಡ್ಡದಾಗಿಬಿಡ್ತಾವೆ, ಉಪ್ಪುನೀರಲ್ಲಿ ಸಣ್ಣಗೇ ಉಳೀತಾವೆ.

ಆದ್ರೆ ಸ್ಕಿಮ್ಮರ್ ಎಲ್ಲಾ ತೆಗೆಯಲ್ಲ. ಉಳಿದ ಕೆಲಸ ಬ್ಯಾಕ್ಟೀರಿಯಾದ್ದು, ಈ ಭಾಗ ಅರ್ಥ ಆದ್ರೆ ಅರ್ಧ ಅಕ್ವೇರಿಯಂ ಅರ್ಥ ಆದ ಹಾಗೆ. ಮೀನು ಅಮೋನಿಯಾ ಬಿಡತ್ತೆ. ಅದು ವಿಷ, ಅದರಲ್ಲೂ ಉಪ್ಪುನೀರಿನ ಪಿಎಚ್ 8.2 ಆಸುಪಾಸು ಇರೋದ್ರಿಂದ ಪಿಎಚ್ 7ರ ಸಿಹಿನೀರಿಗೆ ಹೋಲಿಸಿದ್ರೆ ಅಷ್ಟೇ ಅಮೋನಿಯಾದಲ್ಲಿ ವಿಷದ ರೂಪದಲ್ಲಿರೋ ಪಾಲು ಸುಮಾರು ಹತ್ತು ಪಟ್ಟು ಜಾಸ್ತಿ. ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾನ ನೈಟ್ರೈಟ್ ಮಾಡತ್ತೆ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡತ್ತೆ, ನೈಟ್ರೇಟ್ ಅಷ್ಟು ಅಪಾಯ ಇಲ್ಲ, ನೀರು ಬದಲಾಯಿಸಿ ಕಮ್ಮಿ ಮಾಡ್ಕೋಬೋದು. ಈ ಬ್ಯಾಕ್ಟೀರಿಯಾ ಇರೋದು ನೀರಲ್ಲಲ್ಲ, ಬಂಡೆ ಮೇಲೆ, ಮರಳಿನ ಮೇಲೆ. ಅದಕ್ಕೇ ತೂತು ತೂತಿರೋ ಹಗುರ ಬಂಡೆ ಬೇಕು ಅನ್ನೋದು. ಬಂಡೆಯ ಒಳಗೆ ಆಮ್ಲಜನಕ ಹೋಗದ ಜಾಗದಲ್ಲಿ ಮೂರನೇ ಥರದ ಬ್ಯಾಕ್ಟೀರಿಯಾ ಸೇರ್ಕೊಂಡು ನೈಟ್ರೇಟನ್ನೂ ಒಡೆದು ಸಾರಜನಕದ ಅನಿಲ ಮಾಡಿ ಗಾಳಿಗೆ ಬಿಡತ್ತೆ.

ಇವೆಲ್ಲಾ ಹುಟ್ಟಿ ಬೆಳೆಯೋಕೆ 4ರಿಂದ 6 ವಾರ ಬೇಕು. ಟ್ಯಾಂಕ್ ತುಂಬಿದೆ, ಲೈಟ್ ಉರೀತಿದೆ, ಬಂಡೆ ಜೋಡಿಸಿದೆ, ಮನೆಗೆ ಬಂದೋರೆಲ್ಲಾ ಮೀನೆಲ್ಲಿ ಅಂತ ಕೇಳ್ತಾರೆ, ಇರಲಿ ಬಿಡಿ. ಮೊದಲೆಲ್ಲಾ ಗಟ್ಟಿಮುಟ್ಟು ಡ್ಯಾಮ್ಸೆಲ್ ಮೀನು ಎರಡು ಬಿಟ್ಟು ಅದರ ಅಮೋನಿಯಾದಿಂದ ಸೈಕಲ್ ಮಾಡ್ತಿದ್ರು, ಅಂದ್ರೆ ಈ ಬ್ಯಾಕ್ಟೀರಿಯಾ ಬೆಳೆಸ್ತಿದ್ರು, ಈಗಲೂ ಕೆಲವು ಅಂಗಡಿಯವರು ಹಾಗೇ ಹೇಳ್ತಾರೆ, ಅದು ಆ ಮೀನಿಗೆ ಮಾಡೋ ಹಿಂಸೆ, ಕಿವಿರು ಸುಟ್ಟುಹೋಗತ್ತೆ ಪಾಪ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷ ಪಾಲಿಗೆ 2 ಪಾಲು) ಮಾಡಿ, ಬಾಟಲಿ ಬ್ಯಾಕ್ಟೀರಿಯಾ ಹಾಕಿ ಕಾಯಿರಿ. ಟೆಸ್ಟ್ ಕಿಟ್ಟಲ್ಲಿ ಮೊದಲು ಅಮೋನಿಯಾ ಇಳಿಯೋದು, ನೈಟ್ರೈಟ್ ಏರೋದು, ಆಮೇಲೆ ಅದೂ ಇಳಿದು ನೈಟ್ರೇಟ್ ಏರೋದು ಕಣ್ಣಾರೆ ಕಾಣತ್ತೆ. ಕೊನೆಗೆ 2 ಪಿಪಿಎಂ ಹಾಕಿದ್ದು 24 ಗಂಟೇಲಿ ಅಮೋನಿಯಾನೂ ಸೊನ್ನೆ ನೈಟ್ರೈಟೂ ಸೊನ್ನೆ ಬಂತು ಅಂದ್ರೆ ಟ್ಯಾಂಕ್ ರೆಡಿ. ಈ ಮಧ್ಯೆ ಬಂಡೆ ಮರಳೆಲ್ಲಾ ಕಂದು ಬಣ್ಣ ಆಗತ್ತೆ, ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಆಮೇಲೆ ಹಸಿರು ಕೂದಲು ಪಾಚಿ ಬರ್ಬೋದು. ಎಲ್ಲರ ಟ್ಯಾಂಕಲ್ಲೂ ಬರತ್ತೆ, ಔಷಧಿ ಸುರಿಯೋಕೆ ಹೋಗ್ಬೇಡಿ, ಟ್ಯಾಂಕಿಗೆ ಬಸವನಹುಳು ಹಾಕಿ, ಲೈಟ್ ಟೈಮ್ ಕಮ್ಮಿ ಮಾಡಿ ಕಾದ್ರೆ ಹೋಗತ್ತೆ.

ಬಂಡೆ ವಿಷಯದಲ್ಲಿ ಕಾನೂನು ತಿಳ್ಕೊಂಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ 2001ರಲ್ಲಿ ಕಲ್ಲು ಹವಳ, ಕಪ್ಪು ಹವಳ, ಸಮುದ್ರ ಕುದುರೆ, ಸಮುದ್ರ ಸೌತೆ ಇವನ್ನೆಲ್ಲಾ ಸೇರಿಸಿದ್ರು. ಹಾಗಾಗಿ ಮನ್ನಾರ್ ಖಾರಿಯಿಂದಲೋ ಲಕ್ಷದ್ವೀಪದಿಂದಲೋ ಕಿತ್ತು ತಂದ ಹವಳದ ಬಂಡೆ ಯಾರಾದ್ರೂ ಕಮ್ಮಿ ರೇಟಿಗೆ ಕೊಡ್ತೀನಿ ಅಂದ್ರೆ ಅದು ಶುದ್ಧ ಅಪರಾಧ, ಕೊಂಡೋರೂ ಸಿಕ್ಕಿಬೀಳ್ತಾರೆ. ಒಣ ಬಂಡೆ ಅಥವಾ ಸೆರಾಮಿಕ್ ಬಂಡೆ ತಗೊಳ್ಳಿ, ಬ್ಯಾಕ್ಟೀರಿಯಾಕ್ಕೆ ಅದೂ ಒಂದೇ ಇದೂ ಒಂದೇ. ವಿದೇಶದಿಂದ ಬಂದ ಹವಳ ಅಂತ ಮಾರಿದ್ರೆ ಪೇಪರ್ ಕೇಳಿ. ಮುರುಡೇಶ್ವರದಿಂದ ದೋಣೀಲಿ ನೇತ್ರಾಣಿಗೆ ಹೋಗಿ ನೀರಿಗಿಳಿದ್ರೆ ನಮ್ಮ ರಾಜ್ಯದ ಹವಳ ಹೇಗಿದೆ ಅಂತ ಕಣ್ಣಾರೆ ನೋಡ್ಬೋದು, ಈ ಹವ್ಯಾಸಕ್ಕೆ ಇಳಿಯೋರು ಒಂದು ಸಲ ನೋಡ್ಲೇಬೇಕು, ಅಲ್ಲಿಂದ ಚೂರೂ ತರದೆ.

ಬಿಸಿ ವಿಷಯಕ್ಕೆ ಬರ್ತೀನಿ, ನಮ್ಮ ಕಡೆ ಇದು ದೊಡ್ಡ ತಲೆನೋವು. ನೀರು 25ರಿಂದ 27 ಡಿಗ್ರೀಲಿ ಇರ್ಬೇಕು. ಏಪ್ರಿಲಲ್ಲಿ ಬೆಂಗಳೂರು 35 ಮುಟ್ಟತ್ತೆ, ಮೇಲಿಂದ ಪಂಪು, ಲೈಟು ಎಲ್ಲಾ ನೀರಿಗೆ ಬಿಸಿ ಸೇರಿಸ್ತಾವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಥರ ಬೇಸಿಗೇಲಿ ಗಾಳಿ ಒಣಗಿರೋ ಕಡೆ ಒಂದು ಸುಲಭ ಉಪಾಯ ಇದೆ, ನೀರಿನ ಮೇಲೆ ಸಣ್ಣ ಫ್ಯಾನ್ ಹಾಕೋದು. ಒಂದು ಲೀಟರ್ ನೀರು ಆವಿ ಆಗ್ಬೇಕಾದ್ರೆ ಎಳ್ಕೊಳ್ಳೋ ಶಾಖ ಎಷ್ಟು ಅಂದ್ರೆ 400 ಲೀಟರ್ ನೀರನ್ನ ಹೆಚ್ಚುಕಮ್ಮಿ ಒಂದೂವರೆ ಡಿಗ್ರಿ ತಣ್ಣಗೆ ಮಾಡುವಷ್ಟು. ಹಾಗಾಗಿ ದಿನಕ್ಕೆ ನಾಲ್ಕೈದು ಲೀಟರ್ ಆವಿಯಾದ್ರೆ ಎಷ್ಟೋ ದಿನ ನೀರು ತಣ್ಣಗೆ ಮಾಡೋ ಯಂತ್ರ, ಅಂದ್ರೆ ಚಿಲ್ಲರ್, ಇಲ್ಲದೇ ಕಳೀಬೋದು. ಮಂಗಳೂರಲ್ಲಿ ಇದೇ ಫ್ಯಾನ್ ಕೆಲಸಕ್ಕೆ ಬರಲ್ಲ, ಗಾಳೀಲಿ ಆಗಲೇ ನೀರು ತುಂಬಿರತ್ತೆ, ಆವಿ ಆಗೋಕೆ ಜಾಗ ಇಲ್ಲ, ಕರಾವಳಿಯವರು ಚಿಲ್ಲರ್‌ಗೆ ಮೊದಲೇ ದುಡ್ಡು ಎತ್ತಿಡಿ. ಡಿಸೆಂಬರ್ ಜನವರೀಲಿ ಬೆಂಗಳೂರಿನ ರಾತ್ರಿಗೆ ಹೀಟರೂ ಬೇಕಾಗತ್ತೆ.

ಆವಿ ಆಗೋದು ಬರೀ ನೀರು, ಉಪ್ಪು ಅಲ್ಲೇ ಉಳಿಯತ್ತೆ. ದಿನಕ್ಕೆ 5 ಲೀಟರ್ ಅಂತ ನಾಲ್ಕು ದಿನ ಬಿಟ್ರೆ 35 ಇದ್ದ ಉಪ್ಪಿನಂಶ 37ರ ಹತ್ರ ಬಂದಿರತ್ತೆ. ಅದಕ್ಕೆ ತುಂಬಿಸೋದು ಯಾವಾಗಲೂ ಆರ್‌ಓ ಡಿಐ ಸಿಹಿನೀರನ್ನ, ಉಪ್ಪುನೀರನ್ನಲ್ಲ. ಇದನ್ನ ತಾನಾಗೇ ಮಾಡೋ ಎಟಿಓ ಅಂತ ಒಂದು ಸಣ್ಣ ಯಂತ್ರ ಬರತ್ತೆ, ಸಂಪಿನ ಮಟ್ಟ ಸ್ವಲ್ಪ ಇಳಿದ್ರೆ ಪಕ್ಕದ ಬಕೆಟಿಂದ ನೀರು ಹಾಕತ್ತೆ. ದುಬಾರಿ ಲೈಟಿಗಿಂತ ಮೊದಲು ಇದನ್ನ ತಗೊಳ್ಳಿ ಅಂತ ನನ್ನ ಸಲಹೆ.

ಕರೆಂಟ್. ಉಪ್ಪುನೀರಲ್ಲಿ ಆಮ್ಲಜನಕ ಕರಗೋದು ಸಿಹಿನೀರಿಗಿಂತ ಸುಮಾರು 20 ಪರ್ಸೆಂಟ್ ಕಮ್ಮಿ, ನೀರು ಬಿಸಿಯಾದಷ್ಟೂ ಇನ್ನೂ ಕಮ್ಮಿ. ಪಂಪು, ಟ್ಯಾಂಕೊಳಗೆ ನೀರು ಅಲೆಯಾಡಿಸೋ ವೇವ್‌ಮೇಕರ್ ನಿಂತ್ರೆ ಮೇಲ್ಮೈ ಕದಡೋದು ನಿಲ್ಲತ್ತೆ, ಮೀನು ತುಂಬಿರೋ ಟ್ಯಾಂಕಲ್ಲಿ ಕೆಲವೇ ಗಂಟೇಲಿ ಮೀನುಗಳು ಮೇಲೆ ಬಂದು ಬಾಯಿ ಬಿಡೋಕೆ ಶುರು ಮಾಡ್ತಾವೆ. ಮನೆ ಯುಪಿಎಸ್‌ಗೆ ಇಡೀ ಸೆಟಪ್ ಹಾಕೋ ಅಗತ್ಯ ಇಲ್ಲ, ಒಂದು ವೇವ್‌ಮೇಕರನ್ನ ಮೇಲ್ಮೈ ಕಡೆ ತಿರುಗಿಸಿ ಅದೊಂದನ್ನ ಹಾಕಿದ್ರೆ ಸಾಕು, ಹತ್ತು ವ್ಯಾಟ್ ಆಸುಪಾಸು ಎಳೆಯತ್ತೆ, ತುಂಬಾ ಹೊತ್ತು ಓಡತ್ತೆ. ಜೊತೆಗೆ ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಳ್ಳಿ. ವೈರುಗಳನ್ನ ಪ್ಲಗ್ಗಿಗೆ ಹೋಗೋ ಮುಂಚೆ ಕೆಳಗೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ತಗೊಂಡು ಹೋಗಿ, ಆಗ ವೈರ್ ಮೇಲೆ ಹರಿಯೋ ನೀರು ಸಾಕೆಟ್ ಒಳಗೆ ಹೋಗದೆ ಕೆಳಗೆ ತೊಟ್ಟಿಕ್ಕತ್ತೆ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಲೈನ್ ಕಡಿಯೋ ಸ್ವಿಚ್) ಇಲ್ಲದ ಲೈನಿಗೆ ಈ ಟ್ಯಾಂಕ್ ಹಾಕ್ಲೇಬೇಡಿ, ಉಪ್ಪುನೀರು ಕರೆಂಟನ್ನ ಚೆನ್ನಾಗಿ ಹರಿಸತ್ತೆ, ನೀವು ಅದರೊಳಗೆ ಕೈ ಹಾಕೋರು.

ಬಿಲ್ಲಿನ ಲೆಕ್ಕ ಹೇಳೋದಾದ್ರೆ ಪಂಪು, ಸ್ಕಿಮ್ಮರು, ವೇವ್‌ಮೇಕರ್ ಸೇರಿ 80 ವ್ಯಾಟ್ ದಿನಪೂರ್ತಿ, ಲೈಟ್ 150 ವ್ಯಾಟ್ ಎಂಟೊಂಬತ್ತು ಗಂಟೆ, ಚಿಲ್ಲರ್ ಇದ್ರೆ ಅದು ಬಿಟ್ಟು ಬಿಟ್ಟು ಓಡೋದು, ಎಲ್ಲಾ ಸೇರಿ ದಿನಕ್ಕೆ 5 ಯೂನಿಟ್, ತಿಂಗಳಿಗೆ 150. ಗೃಹಜ್ಯೋತೀಲಿರೋರು ಇದನ್ನ ಮೊದಲೇ ಯೋಚಿಸಿ, ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. ಇಡೀ ಸೆಟಪ್ಪಿನ ಖರ್ಚು ಲಕ್ಷ ದಾಟತ್ತೆ, ಕಮ್ಮೀಲಿ ಆಗತ್ತೆ ಅಂತ ಹೇಳೋಕೆ ನನಗೆ ಮನಸ್ಸಿಲ್ಲ.

ಈಗ ಮೀನು. ಮೊದಲ ಮೀನಾಗಿ ಒಂದು ಜೋಡಿ ಕ್ಲೌನ್ ಫಿಶ್ ತಗೊಳ್ಳಿ, ಹ್ಯಾಚರೀಲಿ ಹುಟ್ಟಿದ್ದೇ ತಗೊಳ್ಳಿ. ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐನ ವಿಜ್ಞಾನಿಗಳು ಕ್ಲೌನ್ ಫಿಶ್ ಮರಿ ಮಾಡಿಸೋ ವಿಧಾನ ಎಷ್ಟೋ ವರ್ಷದ ಹಿಂದೆನೇ ರೂಢಿಗೆ ತಂದಿದ್ದಾರೆ, ಲಕ್ಷದ್ವೀಪದ ಅಗತ್ತಿಯಲ್ಲಿ ಎನ್‌ಬಿಎಫ್‌ಜಿಆರ್ (ಮೀನು ತಳಿಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಕೇಂದ್ರದ ಜೊತೆ ಅಲ್ಲಿನ ಹೆಂಗಸರು ಅಲಂಕಾರಿಕ ಸೀಗಡಿ ಸಾಕ್ತಿದ್ದಾರೆ, ಕೇಳಿದ್ರೆ ಖುಷಿ ಆಗತ್ತೆ. ಸಮುದ್ರದಿಂದ ಹಿಡಿದು ತಂದ ಮೀನಿನ ಕಥೆ ಬೇರೆ. ಫಿಲಿಪ್ಪೀನ್ಸಲ್ಲಿ 1960ರ ದಶಕದಿಂದ ಬಂಡೆ ಸಂದಿಗೆ ಸೋಡಿಯಂ ಸಯನೈಡ್ ಚಿಮುಕಿಸಿ ಮೀನಿಗೆ ಮತ್ತು ಬರಿಸಿ ಹಿಡಿಯೋ ಪದ್ಧತಿ ಶುರುವಾಗಿ ಅಕ್ಕಪಕ್ಕದ ದೇಶಕ್ಕೂ ಹಬ್ಬಿತು, ಆ ಮೀನು ನೋಡೋಕೆ ಚೆನ್ನಾಗೇ ಇದ್ದು ಕೆಲವು ವಾರ ಆದ್ಮೇಲೆ ಕಾರಣ ಗೊತ್ತಾಗದೆ ಸಾಯತ್ತೆ, ಹಿಡಿದ ಜಾಗದ ಹವಳನೂ ಸಾಯತ್ತೆ. ಬ್ಲೂ ಟ್ಯಾಂಗ್ ಮಕ್ಕಳಿಗೆಲ್ಲಾ ಇಷ್ಟ, ಗೊತ್ತು, ಆದ್ರೆ ಅದು ಬೆಳೆದು ದಿನಪೂರ್ತಿ ಈಜಾಡೋ ಮೀನು, 4 ಅಡಿ ಅದಕ್ಕೆ ಜೈಲು, 6 ಅಡಿ ಇಲ್ದಿದ್ರೆ ಬೇಡ.

ಅಂಗಡಿಯಿಂದ ತಂದ ಮೀನನ್ನ ಸೀದಾ ದೊಡ್ಡ ಟ್ಯಾಂಕಿಗೆ ಬಿಡ್ಲೇಬೇಡಿ. ಮರೈನ್ ಇಚ್ ಅಂತ ಒಂದು ಪರಾವಲಂಬಿ ಇದೆ, ಮೈಮೇಲೆ ಉಪ್ಪಿನ ಕಾಳು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೂರ್ನಾಲ್ಕು ದಿನ ಆದ್ಮೇಲೆ ಚುಕ್ಕೆ ಮಾಯ ಆಗತ್ತೆ, ವಾಸಿ ಆಯ್ತು ಅನ್ಕೋತಾರೆ, ಆಗಿರೋದು ಏನಂದ್ರೆ ಅದು ಮೀನನ್ನ ಬಿಟ್ಟು ಮರಳಿಗೆ ಬಿದ್ದು ಗೂಡು ಕಟ್ಕೊಂಡು ಒಂದಕ್ಕೆ ನೂರಾರು ಮರಿ ಮಾಡ್ತಾ ಕೂತಿರತ್ತೆ. ಅದಕ್ಕೆ ತಾಮ್ರದ ಔಷಧಿ ಕೊಡ್ಬೇಕು, ತಾಮ್ರ ಹವಳ, ಸೀಗಡಿ ಎಲ್ಲಾನೂ ಕೊಲ್ಲತ್ತೆ, ಬಂಡೆಗೂ ಹಿಡ್ಕೊಳ್ಳತ್ತೆ. ಹಾಗಾಗಿ ದೊಡ್ಡ ಟ್ಯಾಂಕಿಗೆ ಒಮ್ಮೆ ಬಂತು ಅಂದ್ರೆ ಎಲ್ಲಾ ಮೀನನ್ನೂ ಹೊರಗೆ ತೆಗೆದು ಟ್ಯಾಂಕನ್ನ ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಡ್ಬೇಕು. ಒಂದು 60 ಲೀಟರ್ ಟ್ಯಾಂಕು, ಸ್ಪಂಜ್ ಫಿಲ್ಟರು, ಬಚ್ಚಿಟ್ಟುಕೊಳ್ಳೋಕೆ ಒಂದು ಪಿವಿಸಿ ಪೈಪ್ ತುಂಡು, ಬಂಡೆ ಮರಳು ಏನೂ ಇಲ್ಲದೆ ಒಂದು ತಿಂಗಳು ಅಲ್ಲೇ ಇಟ್ಟು ನೋಡಿ. ಮೊದಲ ದಿನ ಪೈಪೊಳಗೆ ಮೂಲೇಲಿ ಕೂತಿದ್ದ ಮೀನು ಎರಡನೇ ವಾರಕ್ಕೆ ನೀವು ಹತ್ರ ಬಂದ ತಕ್ಷಣ ಗಾಜಿಗೆ ಮೂತಿ ಇಟ್ಟು ಊಟ ಕೇಳತ್ತೆ, ಉಸಿರಾಟ ನಿಧಾನ ಆಗಿರತ್ತೆ, ಬಣ್ಣ ಗಟ್ಟಿಯಾಗಿರತ್ತೆ. ಅಂಥ ಮೀನನ್ನ ದೊಡ್ಡ ಟ್ಯಾಂಕಿಗೆ ಬಿಡಿ. ಒಂದೇ ಸಲ ಎಲ್ಲಾ ಬೇಡ, ತಿಂಗಳಿಗೆ ಒಂದೋ ಎರಡೋ, ಜಗಳಗಂಟ ಮೀನು ಯಾವುದೋ ಅದನ್ನ ಕೊನೇಲಿ.

ಹವಳ ಸಾಕೋರು ಒಂದೆರಡು ತಿಂಗಳು ಟ್ಯಾಂಕ್ ಸ್ಥಿರ ಆದ್ಮೇಲೆ ಮೆತ್ತನೆ ಹವಳದಿಂದ ಶುರು ಮಾಡಿ. ಹವಳದ ಮೈಯೊಳಗೆ ಒಂದು ಸೂಕ್ಷ್ಮ ಪಾಚಿ ಇರತ್ತೆ, ಅದು ಬೆಳಕಲ್ಲಿ ಮಾಡಿದ ಆಹಾರದಲ್ಲೇ ಹವಳ ಬದುಕೋದು, ಅದಕ್ಕೇ ನೀಲಿ ಜಾಸ್ತಿ ಇರೋ ಎಲ್‌ಇಡಿ ಬೇಕಾಗೋದು. ಲೈಟನ್ನ ಮೊದಲ ದಿನವೇ ಫುಲ್ ಇಟ್ರೆ ಆ ಪಾಚಿ ಹೊರಗೆ ಹೋಗಿ ಹವಳ ಬಿಳಿಚಿಕೊಳ್ಳತ್ತೆ, ಕಮ್ಮಿ ಇಟ್ಟು ವಾರವಾರ ಏರಿಸಿ. ಆನಿಮೋನ್ (ಹೂವಿನ ಥರ ಕಾಣೋ, ಕುಟುಕೋ ಸಮುದ್ರ ಜೀವಿ) ಬೇಕು ಅನ್ನೋರು ಆರು ತಿಂಗಳಾದ್ರೂ ತಡೀರಿ, ಅದು ಜಾಗ ಹಿಡಿಸದೆ ತಿರುಗಾಡಿ ವೇವ್‌ಮೇಕರಿಗೆ ಸಿಕ್ಕಿದ್ರೆ ಇಡೀ ಟ್ಯಾಂಕ್ ವಿಷ ಆಗ್ಬೋದು. ಇನ್ನೊಂದು ಮಾತು ತುಂಬಾ ಗಂಭೀರವಾಗಿ ಹೇಳ್ತೀನಿ, ಜೊವಾಂಥಿಡ್ ಅಂತ ಗುಂಡಿ ಗುಂಡಿ ಥರ ಚಂದದ ಹವಳ ಸಿಗತ್ತೆ, ಅದರ ಕೆಲವು ಜಾತೀಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇದೆ. ಗ್ಲೌಸು ಕನ್ನಡಕ ಇಲ್ಲದೆ ಕತ್ತರಿಸ್ಬೇಡಿ, ಅದು ಹಿಡಿದಿರೋ ಬಂಡೇನ ಕುದಿಯೋ ನೀರಲ್ಲಿ ಹಾಕ್ಲೇಬೇಡಿ, ಆ ಆವಿ ಕುಡಿದು ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ.

ಎಲ್ಲಾ ನಡೀತಾ ಬಂದ್ಮೇಲೆ ವಾರದ ಕೆಲಸ ಜಾಸ್ತಿ ಇಲ್ಲ. ಹತ್ತು ಪರ್ಸೆಂಟ್ ನೀರು ಬದಲಾಯಿಸೋದು, ಅಂದ್ರೆ 40 ಲೀಟರ್ ನೀರು, ಒಂದೂವರೆ ಕೆಜಿ ಉಪ್ಪು, ಹೊಸ ನೀರಿನ ಬಿಸಿ ಉಪ್ಪು ಎರಡೂ ಟ್ಯಾಂಕಿಗೆ ಸಮ ಇರ್ಬೇಕು. ಸ್ಕಿಮ್ಮರ್ ಕಪ್ ತೊಳೆಯೋದು, ಗಾಜು ಉಜ್ಜೋದು, ಉಪ್ಪಿನಂಶ ನೈಟ್ರೇಟ್ ಟೆಸ್ಟ್ ಮಾಡಿ ಒಂದು ಪುಸ್ತಕದಲ್ಲಿ ಬರೆದಿಡೋದು. ಊರಿಗೆ ಹೋಗೋವಾಗ ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಸ್ವಲ್ಪ ಹಾಕಿ ಅಂತ ಹೇಳ್ಬೇಡಿ, ಪ್ರೀತಿಯಿಂದ ಅವರು ಮುಷ್ಟಿ ತುಂಬಾ ಹಾಕ್ತಾರೆ, ಉಳಿದಿದ್ದೆಲ್ಲಾ ಕೊಳೆಯತ್ತೆ. ಒಂದೊಂದು ದಿನದ್ದು ಒಂದೊಂದು ಪೊಟ್ಟಣ ಕಟ್ಟಿ ಮೇಲೆ ವಾರ ಬರೆದಿಡಿ, ಎಟಿಓ ಬಕೆಟ್ 20 ಲೀಟರ್ ಇದ್ರೆ ಬೇಸಿಗೇಲಿ ನಾಲ್ಕು ದಿನಕ್ಕೆ ಮುಗಿಯತ್ತೆ ಅನ್ನೋದು ನೆನಪಿರಲಿ, ದೊಡ್ಡ ಡ್ರಮ್ ಇಟ್ಟು ತುಂಬಿಸಿ ಹೋಗಿ, ಕರೆಂಟ್ ಜಾಸ್ತಿ ಹೊತ್ತು ಹೋದ್ರೆ ಯಾವ ಪಂಪ್ ಓಡ್ತಾ ಇರ್ಬೇಕು, ಯಾವ ಸ್ವಿಚ್ ಮುಟ್ಟಬಾರದು ಅಂತ ಒಂದು ಚೀಟೀಲಿ ದೊಡ್ಡಕ್ಷರದಲ್ಲಿ ಬರೆದು ಸ್ಟ್ಯಾಂಡಿನ ಬಾಗಿಲ ಒಳಗೆ ಅಂಟಿಸಿ.